ಬೆರಳಿಗೆ ಸುತ್ತಿದ ಬಳ್ಳಿ

ಹೊಳೆಯ ಆಚೆ ದಡದಲ್ಲಿ ಮರುಳಯ್ಯನೆಂಬ ಗುರುಗಳ ಆಶ್ರಮವಿತ್ತು. ಅಲ್ಲಿಗೆ ದಿನಕ್ಕೆ ಒಂದೇ ದೋಣಿ. ಮಧ್ಯಾಹ್ನ ಬಂದು, ಮಧ್ಯಾಹ್ನವೇ ಹೋಗಿಬಿಡುತ್ತಿತ್ತು.

ಇಪ್ಪತ್ತು ವರ್ಷ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿದ್ದ ದಾಕ್ಷಾಯಣಿ ಒಂದು ದಿನ ಆ ದೋಣಿಯಿಂದ ಇಳಿದಳು. ಅವಳ ಅವ್ವ ತೀರಿಕೊಂಡು ಆಗ ನಲವತ್ತು ದಿನವಾಗಿತ್ತು.

"ಮನಸ್ಸಿಗೆ ನೆಮ್ಮದಿಯಿಲ್ಲ ಗುರುಗಳೇ. ದಾರಿ ತೋರಿಸಿ."

"ಅಡುಗೆಮನೆಯ ಹಿಂದೆ ಹಿತ್ತಲು ಪಾಳುಬಿದ್ದಿದೆ," ಎಂದರು ಮರುಳಯ್ಯನವರು. "ನೋಡಿಕೋ ತಾಯಿ."

ಅಷ್ಟೇ. ಮಂತ್ರವಿಲ್ಲ, ಉಪದೇಶವಿಲ್ಲ.

ದಾಕ್ಷಾಯಣಿ ಕಳೆ ಕಿತ್ತಳು, ಮಣ್ಣು ಅಗೆದಳು, ಗೊಬ್ಬರ ಹಾಕಿದಳು. ಬೇಲಿಯುದ್ದಕ್ಕೂ ಚೆಂಡುಹೂವಿನ ಸಸಿ ನೆಟ್ಟಳು. ನಡುವೆ ಬದನೆ, ಬೆಂಡೆ, ಚಪ್ಪರಕ್ಕೆ ಹಾಗಲ. ಬಚ್ಚಲ ನೀರು ಹರಿಯುವಲ್ಲಿ ಪುದೀನ, ದೊಡ್ಡಪತ್ರೆ.

ಅವಳದು ಎಲ್ಲದಕ್ಕೂ ಲೆಕ್ಕವಿಡುವ ಸ್ವಭಾವ. ಬೆಳಗಾದರೆ ಅಳತೆಕೋಲು ಹಿಡಿದು ಗಿಡದಿಂದ ಗಿಡಕ್ಕೆ ಹೋಗುವಳು. ಎತ್ತರ ನೋಡುವಳು, ಎಲೆ ಎಣಿಸುವಳು, ನೋಟ್‌ಬುಕ್ಕಿನಲ್ಲಿ ಬರೆಯುವಳು.

"ಬದನೆ ಒಂದು ಗೇಣು ಬಂದಿದೆ ಗುರುಗಳೇ. ಬೆಂಡೆ ಮಾತ್ರ ಮೊನ್ನೆ ಇದ್ದಷ್ಟೇ ಇದೆ."

"ಹೌದೇ?"

"ನಾನೂ ಅಷ್ಟೇ. ಬಂದಾಗ ಹೇಗಿದ್ದೆನೋ ಹಾಗೇ ಇದ್ದೇನೆ."

ಗುರುಗಳು ಒಂದು ಪುದೀನ ಎಲೆ ಚಿವುಟಿ, ಮೂಸಿ, ಮುಂದೆ ನಡೆದರು.

ಹೀಗೆ ಮೂರು ತಿಂಗಳು ಕಳೆಯಿತು. ಒಂದು ಬೆಳಿಗ್ಗೆ ದಾಕ್ಷಾಯಣಿ ಬಟ್ಟೆಯ ಗಂಟು ಕಟ್ಟಿಕೊಂಡು ಹಿತ್ತಲಿಗೆ ಬಂದಳು. ಗುರುಗಳು ಅಲ್ಲಿಯೇ ಕೂತಿದ್ದರು.

"ಇವತ್ತಿನ ದೋಣಿಗೆ ಹೊರಡುತ್ತೇನೆ. ಗಿಡ ಬೆಳೆದವು. ನನಗೇನೂ ಆಗಲಿಲ್ಲ."

"ಆಗಲಿ ತಾಯಿ, ಹೋಗಿ ಬಾ." ಅವರು ಎದ್ದು ನಿಂತರು. "ದೋಣಿಗಿನ್ನೂ ಹೊತ್ತಿದೆಯಲ್ಲ? ನಿನ್ನೆಯ ಗಾಳಿಗೆ ಹಾಗಲದ ಚಪ್ಪರ ಕುಸಿದಿದೆ. ನಾನು ಹೋಗಿ ಒಂದು ಬಿದಿರ ಗಳು ಕಡಿದು ತರುತ್ತೇನೆ. ಅಲ್ಲಿಯವರೆಗೆ ಈ ಬಳ್ಳಿಗೆ ನಿನ್ನ ಬೆರಳು ಹಿಡಿದಿರು."

"ಬೆರಳೇ?"

"ಹತ್ತಿರ ಹಿಡಿದರೆ ಸಾಕು. ಮುಟ್ಟಬೇಡ."

ದಾಕ್ಷಾಯಣಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, ಮೊಣಕಾಲಿಗೆ ಮೊಣಕೈ ಊರಿ, ತೋರುಬೆರಳು ನೀಡಿದಳು. ಬಳ್ಳಿಯ ತುದಿಯಿಂದ ಹಸಿರು ನೂಲಿನಂಥದೊಂದು ಎಳೆ ಗಾಳಿಗೆ ಚಾಚಿಕೊಂಡಿತ್ತು.

ಗುರುಗಳು ಹೋದವರು ಬರಲೇ ಇಲ್ಲ.

ಮೊದಲು ಬೇಸರವಾಯಿತು. ಆಮೇಲೆ ಬೆನ್ನು ನೋಯಿತು. ಒಂದು ಜೇನುಹುಳು ಚೆಂಡುಹೂವಿನ ಮೇಲೆ ಕೂತು ಎದ್ದುಹೋಯಿತು. ಅದನ್ನು ನೋಡಿ ಕಣ್ಣು ತಿರುಗಿಸಿದರೆ, ಬೇಲಿಯ ಕಡೆಗಿದ್ದ ಎಳೆ ಈಗ ಬಾವಿಯ ಕಡೆಗಿತ್ತು.

ಗಾಳಿಯಿರಬೇಕು ಎಂದುಕೊಂಡಳು. ಆದರೆ ಒಂದು ಎಲೆಯೂ ಅಲುಗುತ್ತಿರಲಿಲ್ಲ.

ಉಸಿರು ಬಿಗಿಹಿಡಿದು ನೋಡಿದಳು. ಎಳೆ ತಾನಾಗಿಯೇ ಸರಿಯುತ್ತಿತ್ತು. ಕತ್ತಲ ಕೋಣೆಯಲ್ಲಿ ಗೋಡೆ ತಡವುವವರ ಹಾಗೆ ನಿಧಾನವಾಗಿ, ದುಂಡಗೆ ಗಾಳಿಯನ್ನು ತಡವುತ್ತಿತ್ತು. ಅವಳ ಉಗುರಿಗೆ ತಾಗಿತು. ಜಾರಿತು. ಮತ್ತೆ ಇಡೀ ಸುತ್ತು ಹೋಗಿ ಬಂತು. ಬಿಸಿಲು ಕಲ್ಲಿನ ಮೇಲೆ ಏರುವಷ್ಟು ಹೊತ್ತು ಹಿಡಿಯಿತು. ಈ ಸಲ ಬೆರಳಿಗೆ ತಾಗಿದ್ದು ಅಲ್ಲೇ ನಿಂತಿತು. ತುದಿ ಬಾಗಿತು. ಕೊಕ್ಕೆಯಾಯಿತು. ಅವಳು ನೋಡನೋಡುತ್ತಿದ್ದಂತೆಯೇ ಬೆರಳಿಗೆ ಒಂದು ಸುತ್ತು ಸುತ್ತಿಕೊಂಡಿತು.

ಮೊಳೆತಂದಿನಿಂದ ದಾಕ್ಷಾಯಣಿ ದಿನವೂ ಇದೇ ಬಳ್ಳಿಯನ್ನು ಅಳೆದಿದ್ದಳು. ಇದನ್ನು ಮಾತ್ರ ಕಂಡಿರಲಿಲ್ಲ.

ಎರಡನೆಯ ಸುತ್ತು ಬೀಳುವಾಗ ಅವಳಿಗೆ ಆಸ್ಪತ್ರೆಯ ಮಂಚ ನೆನಪಾಯಿತು. ಹಾಸಿಗೆಯ ಅಂಚಿನಲ್ಲಿ ಏನನ್ನೋ ತಡಕುತ್ತಿದ್ದ ಅವ್ವನ ಕೈ ನೆನಪಾಯಿತು. ತಾನು ಅವತ್ತಿನ ಜ್ವರ ಎಷ್ಟೆಂದು ಬರೆದುಕೊಳ್ಳುತ್ತಿದ್ದಳು. "ಇವತ್ತು ಸ್ವಲ್ಪವಾದರೂ ವಾಸಿಯೇ?" ಎಂದು ಡಾಕ್ಟರನ್ನು ಕೇಳಲು ಹೊರಗೆ ಹೋಗಿದ್ದಳು. ಮರಳಿ ಬಂದಾಗ ಆ ಕೈ ನಿಂತಿತ್ತು.

ಕಣ್ಣೀರು ಕೆನ್ನೆಗಿಳಿದು ಸೆರಗಿಗೆ ಬಿತ್ತು. ಒರೆಸಿಕೊಳ್ಳಲಿಲ್ಲ. ಬೆರಳು ಅಲುಗಲಿಲ್ಲ.

ದಡದಿಂದ ದೋಣಿಯವನು ಕೂಗಿದ. "ಅಕ್ಕಾ, ಹೊರಟೆವು! ಬರ್ತೀರಾ?"

"ನೀವು ಹೋಗಿ ಅಣ್ಣಾ! ನನ್ನ ಕೈ ಬಿಡುವಿಲ್ಲ!"

ಹುಟ್ಟಿನ ಸದ್ದು ದೂರವಾಯಿತು. ಆಗ ಗುರುಗಳು ಹೆಗಲ ಮೇಲೆ ಗಳು ಹೊತ್ತು ಬಂದರು. ಬಳ್ಳಿಯ ಪಕ್ಕ ಅದನ್ನು ನೆಟ್ಟು, ಬುಡಕ್ಕೆ ಮಣ್ಣು ತುಳಿದು, ಅವಳ ಎದುರು ನೆಲದ ಮೇಲೆ ಕೂತರು.

"ಅವ್ವ ಸಾಯುವಾಗ ನಾನು ಅವಳ ಕೈ ಹಿಡಿಯಲಿಲ್ಲ ಗುರುಗಳೇ," ಎಂದಳು ದಾಕ್ಷಾಯಣಿ. ಈ ಮಾತನ್ನು ಅವಳು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ.

ಅವರು ತಲೆಯಾಡಿಸಿದರು.

ಮೂರನೆಯ ಸುತ್ತು ಬಿಗಿಯಾಗುತ್ತಿತ್ತು. ಅವಳು ಪಿಸುದನಿಯಲ್ಲಿ ಕೇಳಿದಳು:

"ಇದಕ್ಕೆ ಕಣ್ಣಿಲ್ಲ. ಇಲ್ಲೊಂದು ಬೆರಳಿದೆ ಅಂತ ಇದಕ್ಕೆ ಹೇಗೆ ಗೊತ್ತಾಯಿತು?"

"ಗೊತ್ತಿರಲಿಲ್ಲ ತಾಯಿ," ಎಂದರು ಗುರುಗಳು. "ಗೊತ್ತಿಲ್ಲದೆಯೇ ಕೈ ಚಾಚಿತ್ತು."