ಗಡಿ ನಡೆದ ಕೇತಜ್ಜ

ಬಹಳ ಹಿಂದೆ, ಯಾವ ಅರಸನ ಕಾಲ ಎಂದು ಮಾತ್ರ ಕೇಳಬೇಡಿ, ಅರಸರ ಹೆಸರನ್ನು ನಮ್ಮೂರು ನೆನಪಿಟ್ಟುಕೊಂಡಿಲ್ಲ, ಇದೇ ಕಪ್ಪಲಗೇರಿಯಲ್ಲಿ ಕೇತ ಎಂಬ ಕುಳವಾಡಿ ಇದ್ದನಂತೆ. ಊರಿನ ಗಡಿ ಕಾಯುವುದು ಅವನ ಮನೆತನದ ಕೆಲಸ. ನಾವು ಕೇತಜ್ಜ ಎನ್ನುತ್ತೇವೆ. ಹೆಂಡತಿ ತೀರಿಕೊಂಡಿದ್ದಳು. ಒಬ್ಬಳೇ ಮಗಳು, ಸಂಕವ್ವ. ಕಣ್ಣ ಮುಂದೆ ಇರಲಿ ಎಂದು ಅವಳನ್ನು ಊರಲ್ಲೇ ಕೊಟ್ಟಿದ್ದ. ಆಗ ಅವಳು ತುಂಬಿದ ಬಸುರಿ.

ಊರಿನ ಆಚೆ ಒಬ್ಬ ಅರಸ, ಈಚೆ ಒಬ್ಬ ಅರಸ. ಬಡಗಣದವನು ಈ ಎರೆಭೂಮಿ ನಮ್ಮಪ್ಪನದು ಅಂದನಂತೆ. ತೆಂಕಣದವನು ನಮ್ಮಜ್ಜನದು ಅಂದನಂತೆ. ಅವರಪ್ಪನಾಗಲಿ ಅಜ್ಜನಾಗಲಿ ಇಲ್ಲಿ ಒಂದು ದಿನ ಕುಂಟೆ ಹೊಡೆದವರಲ್ಲ. ಆದರೂ ಎರಡು ಸಲ ದಂಡು ಬಂತು, ಎರಡು ಸಲವೂ ನಿಂತ ಜೋಳ ಸುಟ್ಟಿತು. ಕೋಣಗಳೆರಡು ಹೋರೆ ಗಿಡಕ್ಕೆ ಮಿತ್ತು ಎನ್ನುವುದು ಸುಮ್ಮನೆ ಹುಟ್ಟಿದ ಗಾದೆಯಲ್ಲ.

ಮೂರನೆಯ ಸಲ ಬಂದಾಗ ಎರಡು ದಂಡಿಗೂ ಜ್ವರ ಹತ್ತಿತು. ಆನೆಗಳಿಗೆ ಮೇವಿಲ್ಲ, ಕುದುರೆಗಳಿಗೆ ನೀರಿಲ್ಲ. ಸಾಯುವ ಮೊದಲು ಬುದ್ಧಿ ಬಂತೋ ಏನೋ, ದಂಡನಾಯಕರಿಬ್ಬರೂ ಕೂತು, ಗಡಿಯನ್ನು ಹಳೆಯ ಪದ್ಧತಿಯಂತೆ ಕುಳವಾಡಿಯೇ ನಡೆದು ತೋರಿಸಲಿ ಎಂದು ಒಪ್ಪಿದರಂತೆ.

ಆ ಪದ್ಧತಿ ಹೀಗಿತ್ತು. ಕುಳವಾಡಿ ಮೈಮೇಲೆ ನೀರು ಸುರಿಸಿಕೊಂಡು, ಗಡಿಕಲ್ಲಿನ ಬುಡದ ಮಣ್ಣಿನ ಹೆಂಟೆಯನ್ನು ತಲೆಯ ಮೇಲೆ ಹೊತ್ತು ನಡೆಯಬೇಕು. ಅವನು ನಡೆದದ್ದೇ ಗಡಿ. ಎದುರು ಮಾತಿಲ್ಲ. ಮಣ್ಣು ಹೊತ್ತು ಸುಳ್ಳು ನಡೆದರೆ ಭೂಮಿತಾಯಿ ನಡೆದವನನ್ನು ಮುಟ್ಟುವುದಿಲ್ಲ, ಅವನ ಕುಡಿಯನ್ನು ನುಂಗುತ್ತಾಳೆ. ಕತ್ತಿ ಮುಟ್ಟಿ ಆಣೆ ಮಾಡಿದವರನ್ನು ನಂಬದ ಅರಸರೂ ಇದನ್ನು ನಂಬುತ್ತಿದ್ದರಂತೆ.

ನಿಜವಾದ ಗಡಿ ಎಲ್ಲಿತ್ತು ಗೊತ್ತೇ? ಊರಿನ ನಟ್ಟನಡುವೆ, ಸೇದೋ ಬಾವಿಯ ಪಕ್ಕದಲ್ಲೇ ಹಾದುಹೋಗುತ್ತಿತ್ತು. ಅರ್ಧ ಊರು ಅತ್ತ, ಅರ್ಧ ಊರು ಇತ್ತ. ತಮ್ಮ ಅರ್ಧದಲ್ಲಿ ಕೋಟೆ ಕಟ್ಟಿ ಎದುರಿನ ಅರ್ಧವನ್ನು ಸುಡುವುದಾಗಿ ಬಡಗಣದವರು ಬಾಯಿಬಿಟ್ಟೇ ಹೇಳಿದ್ದರು. ತೆಂಕಣದವರು ಹೇಳಿರಲಿಲ್ಲ, ಆದರೆ ಕಲ್ಲು ತಂದು ಒಟ್ಟಿದ್ದರು. ನಿಜ ನಡೆದರೆ ಊರು ಹೋಗುತ್ತದೆ, ಸುಳ್ಳು ನಡೆದರೆ ಮಗಳು ಹೋಗುತ್ತಾಳೆ. ಕೇತಜ್ಜ ಯಾರ ಹತ್ತಿರವೂ ತುಟಿ ಬಿಚ್ಚಲಿಲ್ಲವಂತೆ.

ಗೊತ್ತುಮಾಡಿದ ದಿನ ಬೆಳಿಗ್ಗೆ ಪಡುವಣ ಗಡಿಕಲ್ಲಿನ ಹತ್ತಿರ ಎರಡೂ ದಂಡು ಎದುರುಬದುರು ನಿಂತವು. ಊರೆಲ್ಲ ನಡುವೆ. ಅಪ್ಪನ ಮೈಮೇಲೆ ನೀರು ಸುರಿಯುವುದು ಮಗಳ ಪಾಲಿನ ಕೆಲಸ. ಸಂಕವ್ವ ಕೊಡ ಹೊತ್ತು ಮುಂದೆ ಬಂದಳು. ಕೇತಜ್ಜ ಅವಳ ಕಡೆ ನೋಡದೆ ದಂಡಿನವರನ್ನು ಕೇಳಿದನಂತೆ:

"ಈಕಿ ಯಾರು? ನನಗ ಮಗಳಿಲ್ಲ. ನನ್ನ ಹಿಂದ ಯಾರೂ ಇಲ್ಲ."

ಹಾಗೆಂದು ಒಂದು ಜೋಳದ ಕಡ್ಡಿಯನ್ನು ಎಲ್ಲರೆದುರು ಮುರಿದು ಎರಡೂ ಕಡೆಗೆ ಎಸೆದ. ನಮ್ಮಲ್ಲಿ ಕಡ್ಡಿ ಮುರಿದರೆ ಸಂಬಂಧ ಮುರಿದಂತೆ. ಊರವರು ಗುಸುಗುಸು ಶುರುಮಾಡಿದರು, ಮುದುಕ ಯಾವುದೋ ಕಡೆಗೆ ಮಾರಿಕೊಂಡಿದ್ದಾನೆ ಎಂದರು. ಸಂಕವ್ವನಿಗೂ ಹಾಗೇ ಅನಿಸಿತು. ನಾಚಿಕೆ, ಸಿಟ್ಟು, ಹೊಟ್ಟೆಯಲ್ಲಿ ಕೂಸು. ಕೊಡವನ್ನು ನೆಲಕ್ಕೆ ಕುಕ್ಕಿದಳು.

"ಹಂಗಾರ ನನಗೂ ಅಪ್ಪ ಇಲ್ಲ."

ಆ ಮಾತು ಕೇಳಿದ ಮೇಲೆ ಕೇತಜ್ಜ ಉಳಿದ ನೀರನ್ನು ತಾನೇ ಮೈಮೇಲೆ ಸುರಿದುಕೊಂಡು, ಹೆಂಟೆ ಹೊತ್ತನಂತೆ.

ನೆಟ್ಟಗೆ ಊರೊಳಗೆ ನಡೆಯಬೇಕಾದವನು ಊರಿನ ಅಗಸೆ ಬಾಗಿಲ ಮುಂದೆ ಬಲಕ್ಕೆ ಹೊರಳಿದ. ಊರನ್ನು ಎಡಕ್ಕೆ ಬಿಟ್ಟು ತೆಂಕಣದ ಹೊಲಗಳ ಬದುವಿನ ಮೇಲೆ ನಡೆದ. ಇಡೀ ಊರು ತಮ್ಮದಾಯಿತೆಂದು ಬಡಗಣದವರು ಕೊಂಬು ಊದಿದರು. ತೆಂಕಣದ ರಾವುತರು ಕತ್ತಿ ಹಿರಿದು ಅವನ ಪಕ್ಕಕ್ಕೇ ಕುದುರೆ ನಡೆಸಿದರಂತೆ. ಬೆವರು ಕಣ್ಣಿಗಿಳಿದರೂ ಅವನು ಕೈ ಎತ್ತಿ ಒರೆಸಲಿಲ್ಲ. ಮೂಡಣ ಗಡಿಕಲ್ಲು ಬಂತು. ಅಲ್ಲಿ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಎಡಕ್ಕೆ ಹೊರಳಿ ಬಡಗಣದ ಹೊಲಗಳ ಅಂಚು ಹಿಡಿದ. ಈಗ ಕೊಂಬು ನಿಂತಿತು, ಬಡಗಣದವರು ಬಿಲ್ಲಿಗೆ ಬಾಣ ಹೂಡಿದರು. ಆದರೆ ತಲೆಯ ಮೇಲೆ ಮಣ್ಣು ಹೊತ್ತವನನ್ನು ಹೊಡೆಯಲು ಯಾರಿಗೆ ಧೈರ್ಯವಿದೆ? ಹೊತ್ತು ಇಳಿಯುವಾಗ ಹೊರಟಲ್ಲಿಗೇ ಬಂದು ಹೆಂಟೆ ಇಳಿಸಿದ.

"ಇದ ಗಡಿ. ಒಳಗಿರೂದು ಅವರದೂ ಅಲ್ಲ, ಇವರದೂ ಅಲ್ಲ."

ಅದು ಹಸಿ ಸುಳ್ಳು. ಊರಿನ ಸಣ್ಣ ಮಕ್ಕಳಿಗೂ ಗೊತ್ತಿತ್ತು. ಆಗ ಸಂಕವ್ವನಿಗೆ ಬೆಳಗಿನ ಕಡ್ಡಿ ಅರ್ಥವಾಯಿತು. ಅಪ್ಪಾ ಎಂದು ಬಾಯಿಗೆ ಬಂದದ್ದನ್ನು ಎರಡೂ ಕೈಯಿಂದ ಅದುಮಿಕೊಂಡಳಂತೆ. ಕರೆದರೆ ಮುರಿದದ್ದು ಮತ್ತೆ ಕೂಡುತ್ತದೆ, ಭೂಮಿತಾಯಿಗೆ ಗುರುತು ಸಿಗುತ್ತದೆ.

ದಂಡಿನವರೇನು ದಡ್ಡರೇ? ಕಡ್ಡಿ ಮುರಿದ ಮಾತ್ರಕ್ಕೆ ನೆತ್ತರು ಬೇರೆಯಾಗುತ್ತದೆಯೇ ಎಂದರು. ಹೆರಿಗೆಯಾಗಲಿ, ತಾಯಿ ಮಗು ಉಳಿದರೆ ಗಡಿ ನಿಜ, ಇಲ್ಲದಿದ್ದರೆ ಊರಿಗೆ ಬೆಂಕಿ ಎಂದು ಅಲ್ಲೇ ಬೀಡುಬಿಟ್ಟರು. ಕೇತಜ್ಜ ಮನೆ ಬಿಟ್ಟು ಹಳ್ಳದ ದಂಡೆಯ ಜಾಲಿಮರದ ಕೆಳಗೆ ಇದ್ದ. ಸಂಕವ್ವ ದಿನಾ ರೊಟ್ಟಿ ಒಯ್ದು ಕಲ್ಲಿನ ಮೇಲಿಟ್ಟು, ಯಾವೂರಿನವನು ಎಂದು ದಾರಿಹೋಕನನ್ನು ಕೇಳಿದಂತೆ ಕೇಳಿ ಬರುತ್ತಿದ್ದಳಂತೆ. ಅವನು ದಿನಕ್ಕೊಂದು ಊರಿನ ಹೆಸರು ಹೇಳುತ್ತಿದ್ದನಂತೆ. ಕೇಳಿದವರು ನಗುವಂತಿರಲಿಲ್ಲ, ಅಳುವಂತಿರಲಿಲ್ಲ.

ಕೊನೆಗೆ ಬೇನೆ ಬಂತು. ಹೆರುವಾಗ ಯಪ್ಪಾ ಯವ್ವಾ ಎನ್ನದ ಹೆಣ್ಣು ಎಲ್ಲಿದ್ದಾಳೆ? ಬಾಗಿಲ ಹೊರಗೆ ಎರಡೂ ಕಡೆಯ ದಂಡಿನವರು ಕಿವಿಗೊಟ್ಟು ನಿಂತಿದ್ದರು. ಸೂಲಗಿತ್ತಿ ಬಟ್ಟೆ ಸುತ್ತಿ ಬಾಯಿಗೆ ಕೊಟ್ಟಳು. ಸಂಕವ್ವ ಅದನ್ನು ಕಚ್ಚಿ ಹರಿದಳು. ಇನ್ನೊಂದು ಕೊಟ್ಟರು, ಅದೂ ಹರಿಯಿತು. ಯವ್ವಾ ಎಂದು ಕೂಗಿದಳಂತೆ, ಸತ್ತ ಅವ್ವನನ್ನು ಬಾರಿ ಬಾರಿಗೂ ಕೂಗಿದಳಂತೆ, ಆ ಇನ್ನೊಂದು ಮಾತು ಮಾತ್ರ ಬರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕೂಸು ಅತ್ತಿತು. ಗಂಡು. ತಾಯಿಯೂ ಉಳಿದಳು. ಎರಡೂ ದಂಡುಗಳು ಡೇರೆ ಕಿತ್ತವು.

ಆಮೇಲೆ ಕೇತಜ್ಜ ಬಹಳ ವರ್ಷ ಬದುಕಿದ. ಮೊಮ್ಮಗ ಆ ಮರದ ಕೆಳಗೇ ಆಡಿ ಬೆಳೆದ, ಮುದುಕ ಯಾರೆಂದು ತಿಳಿಯದೆ. ದಂಡು ಹೋದರೂ ಭೂಮಿ ಎಲ್ಲಿಗೆ ಹೋಗುತ್ತದೆ? ಸಂಕವ್ವ ಒಮ್ಮೆಯೂ ಕರೆಯಲಿಲ್ಲ. ಆದರೆ ಅವನು ಸತ್ತ ದಿನ ಅವಳಿಂದ ತಡೆಯಲಾಗಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಹೊಸ್ತಿಲಿಗೆ ಬಂದು, ಯಪ್ಪಾ, ಎಂದು ಊರು ನಡುಗುವಂತೆ ಕೂಗಿಬಿಟ್ಟಳಂತೆ. ಭೂಮಿತಾಯಿ ಕೇಳಿಸಿಕೊಂಡಳೆಂದು ಪಕ್ಕದ ಮನೆಯವಳು ಹೆದರಿದಳು. ಅವಳು ತಕ್ಷಣ ತಾನೂ ಹೊರಗೆ ಬಂದು ಯಪ್ಪಾ ಎಂದಳು. ಅದರಾಚೆಯ ಮನೆಯ ಹುಡುಗರು ಕೂಗಿದರು. ಒಂದರ ಹಿಂದೆ ಒಂದು ಊರಿನ ಎಲ್ಲ ಮನೆಗಳೂ ಕೂಗಿದವಂತೆ. ಯಾವ ಕೂಗು ಯಾರದು ಎಂದು ಭೂಮಿಗೆ ಗೊತ್ತಾಗದೆ ಹೋಯಿತಂತೆ.

ಈಗಲೂ ಜೋಳ ಒಕ್ಕಿದ ಮೇಲಿನ ಅಮವಾಸ್ಯೆಯ ದಿನ ಕಪ್ಪಲಗೇರಿಯಲ್ಲಿ ಯಾವ ಮಕ್ಕಳೂ ಬೆಳಗಿನಿಂದ ಅಪ್ಪನನ್ನು ಅಪ್ಪ ಎಂದು ಕರೆಯುವುದಿಲ್ಲ. ದೀಪ ಹಚ್ಚಿದ ಕೂಡಲೇ ಎಲ್ಲರೂ ಹೊಸ್ತಿಲಿಗೆ ಬಂದು ಒಟ್ಟಿಗೆ ಕೂಗುತ್ತೇವೆ. ಕೊಟ್ಟ ಹೆಣ್ಣುಮಕ್ಕಳು ಇದಕ್ಕೆಂದೇ ತವರಿಗೆ ಬರುತ್ತಾರೆ. ನಮ್ಮಪ್ಪ ಹೋಗಿ ಎಷ್ಟು ಕಾಲವಾಯಿತೋ ನನಗೇ ಲೆಕ್ಕವಿಲ್ಲ. ನಾನೂ ಕೂಗುತ್ತೇನೆ.