ದನದ ದವಾಖಾನೆಗೆ ಹೋದ ಬೆಕ್ಕು

ನದಿಯ ದಂಡೆಯ ಮೇಲೆ ಒಂದು ಆಶ್ರಮ. ಅಲ್ಲಿ ಒಬ್ಬ ಗುರು, ಒಬ್ಬ ಶಿಷ್ಯ, ಮತ್ತು ಇಬ್ಬರ ಮಾತನ್ನೂ ಕೇಳದ ಒಂದು ಬೆಕ್ಕು.

ಗುರುಗಳನ್ನು ಸುತ್ತಲಿನ ಜನ ಅಜ್ಜಾರು ಎನ್ನುತ್ತಿದ್ದರು. ಶಿಷ್ಯನ ಹೆಸರು ಅಡಿವೆಪ್ಪ. ಬೆಕ್ಕಿನ ಹೆಸರು ತಹಶೀಲ್ದಾರ. ಬಂದರೆ ಬಂದ, ಇಲ್ಲದಿದ್ದರೆ ಇಲ್ಲ, ಕೇಳುವವರು ಯಾರು ಎಂದು ಯಾರೋ ಭಕ್ತರು ಇಟ್ಟ ಹೆಸರು ಅದು.

ಅಡಿವೆಪ್ಪ ನಾಲ್ಕು ವರ್ಷದಿಂದ ಆಶ್ರಮದ ಬಾಗಿಲು ದಾಟಿರಲಿಲ್ಲ. ಬಂದವರೆಲ್ಲ ಎಂಥ ವೈರಾಗ್ಯ ಎಂದು ಕೈಮುಗಿಯುತ್ತಿದ್ದರು. ದಿನಾ ಕೇಳಿ ಕೇಳಿ ಅವನಿಗೂ ಹಾಗೆಯೇ ಅನಿಸತೊಡಗಿತ್ತು.

ಒಂದು ಸೋಮವಾರ ಅವನ ಅಕ್ಕನ ಗಂಡನ ಫೋನು ಬಂತು. ಅಕ್ಕ ನೀಲವ್ವನ ಹೊಟ್ಟೆಯಲ್ಲಿ ಗಡ್ಡೆಯಾಗಿದೆ. ಗುರುವಾರ ದೊಡ್ಡ ದವಾಖಾನೆಯಲ್ಲಿ ಆಪರೇಷನ್. ಅದಕ್ಕೆ ಮೊದಲು ತಮ್ಮನನ್ನು ಒಂದು ಸಲ ನೋಡಬೇಕಂತೆ. ತಾಯಿ ತೀರಿದ ಮೇಲೆ ಅಡಿವೆಪ್ಪನನ್ನು ಸಾಕಿದವಳು ಅವಳೇ.

"ಹೋಗ್ತೀಯೇನು, ತಮ್ಮಾ?" ಎಂದು ಅಜ್ಜಾರು ಕೇಳಿದರು.

"ಇಲ್ರಿ ಅಜ್ಜಾರ. ಎಲ್ಲಾ ಬಿಟ್ಟು ಬಂದಾಂವಗ ಅಕ್ಕ ಎಲ್ಲಿ, ತಮ್ಮ ಎಲ್ಲಿ. ಶಿವನ ಇಚ್ಛಾ ಇದ್ದಂಗ ಆಗ್ತೈತಿ. ನನ್ನ ಮನಸ್ಸು ಅಲುಗಂಗಿಲ್ರಿ."

ಅಜ್ಜಾರು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ.

"ತಹಶೀಲ್ದಾರ ಮೂರು ದಿನದಿಂದ ಹಾಲು ಮುಟ್ಟಿಲ್ಲ," ಎಂದರು. "ಗದ್ದ ಬಾತೈತಿ. ನಾಳೆ ದನದ ದವಾಖಾನಿಗೆ ನೀನ ಒಯ್ಯಿ."

"ನಾನ? ನಾನು ಹೊರಗ ಹೋಗಂಗಿಲ್ಲಲ್ರಿ."

"ಬೆಕ್ಕಿಗೆ ಇನ್ನೂ ವೈರಾಗ್ಯ ಬಂದಿಲ್ಲೋ. ಅದಕ್ಕ ನೋವು ಐತಿ."

ಗುರುಗಳ ಮಾತು. ಮೀರುವಂತಿಲ್ಲ.

ಮರುದಿನ ಬೆಳಿಗ್ಗೆ ಅಡಿವೆಪ್ಪ ರೊಟ್ಟಿಯ ಬುಟ್ಟಿ ಖಾಲಿ ಮಾಡಿ ತಂದ. ಬೆಕ್ಕಿನ ಬಾಲ ಒಳಗೆ ಹೋದರೆ ತಲೆ ಹೊರಗೆ ಬಂತು. ತಲೆ ಒಳಗೆ ಹೋದರೆ ನಾಲ್ಕೂ ಕಾಲು ಬುಟ್ಟಿಯ ಅಂಚು ಹಿಡಿದವು. ಹಾಲು ಕುಡಿಯಲು ಶಕ್ತಿಯಿಲ್ಲದ ಬೆಕ್ಕಿಗೆ ಜಗಳಕ್ಕೆ ಎಲ್ಲಿಂದ ಶಕ್ತಿ ಬಂತೋ, ಶಿಷ್ಯನ ಎರಡೂ ಕೈ ರಕ್ತವಾದವು. ಕೊನೆಗೆ ಕಾವಿ ಶಾಲು ಹೊದಿಸಿ, ಶಾಲಿನ ಸಮೇತ ಒಳಗೆ ತುರುಕಿ, ಮುಚ್ಚಳ ಹಾಕಿ ಹಗ್ಗ ಬಿಗಿದ.

ಬಸ್ಸಿನಲ್ಲಿ ಬೆಕ್ಕು ಒಂದು ತಾಸು ಕೂಗಿತು. ಸ್ವಾಮಿಗಳ ಬುಟ್ಟಿಯಲ್ಲಿ ಕೂಸು ಅಳುತ್ತಿದೆ ಎಂದು ತಿಳಿದು ಕಂಡಕ್ಟರ್ ಎರಡು ಸಲ ಬಗ್ಗಿ ನೋಡಿದ.

ಸಂಜೆ ಅಡಿವೆಪ್ಪ ಮರಳಿ ಬಂದಾಗ ಅಜ್ಜಾರು ಕಟ್ಟೆಯ ಮೇಲೆ ಕೂತಿದ್ದರು. ಅವನು ಬುಟ್ಟಿ ಇಳಿಸಿ ಎದುರು ಕೂತ.

"ಬೆಕ್ಕು ಹೆಂಗೈತಿ?"

"ಬಾವು ಒಡದು ಕೀವು ತಗದ್ರು. ಉಳೀತೈತಿ ಅಂದ್ರು. ಆದ್ರ ಅಜ್ಜಾರ, ನನಗೇನೂ ತಿಳಿವಲ್ದು."

"ಚಲೋ ಆತು. ಹೇಳು."

"ಮುಂಜಾನೆ ಬುಟ್ಟ್ಯಾಗ ಹೋಗಾಕ ಒಲ್ಲೆ ಅಂತ ತಹಶೀಲ್ದಾರ ನನ್ನ ಕೈ ಹರದ. ದವಾಖಾನ್ಯಾಗ ಮುಚ್ಚಳ ತಗದ್ರ ಹೊರಗ ಬರಾಕ ಒಲ್ಲೆ ಅಂದ. ಬುಟ್ಟಿ ಬೋರಲ ಹಾಕಿದ್ರೂ ಬಿದಿರಿಗೆ ಉಗುರು ಹಾಕಿ ಜೋತುಬಿದ್ದ. ಅದ ಬುಟ್ಟಿ ಅಲ್ರಿ?"

"ಅದ ಬುಟ್ಟಿ."

"ಮುಂಜಾನೆ ಜೈಲು ಆಗಿದ್ದು ಮಧ್ಯಾಹ್ನ ಮನಿ ಹೆಂಗಾತ್ರಿ?"

"ಬುಟ್ಟಿನ ಕೇಳಿದ್ಯೇನು?"

ಅಡಿವೆಪ್ಪ ಬುಟ್ಟಿಯ ಕಡೆ ನೋಡಿದ. ಕೇಳಬೇಕಾಗಿತ್ತೇನೋ ಎಂದು ಒಂದು ಕ್ಷಣ ಅವನಿಗೆ ನಿಜವಾಗಿಯೂ ಅನಿಸಿತು.

"ಮುಂದ?" ಎಂದರು ಅಜ್ಜಾರು.

"ಡಾಕ್ಟರಮ್ಮ ಹೆಂಗೋ ಬಿಡಿಸಿ ಮೇಜಿನ ಮ್ಯಾಲೆ ಇಟ್ರು. ಅಷ್ಟೊತ್ತನಕ ಹುಲಿ ಆಗಿದ್ದಾಂವ ಒಮ್ಮಿಗೇ ತಣ್ಣಗಾಗಿಬಿಟ್ಟ. ಮೀಸಿ ಸುದ್ದಾ ಅಲುಗವಲ್ದು. ಕಣ್ಣು ಅಗಲ ತಗದು ಒಂದ ಕಡೆ ನೋಡಾಕತ್ತಾನ. ಬಾಜೂಕ ಎಮ್ಮಿ ಒದರಿದ್ರೂ ಕಿವಿ ತಿರುವಲಿಲ್ಲ. ನನಗ ಮೈ ಜುಮ್ ಅಂತು."

"ಯಾಕ?"

"ಧ್ಯಾನಕ್ಕ ಕುಂತಾನ ಅನ್ಕೊಂಡೆರಿ."

ಅಜ್ಜಾರ ಗಡ್ಡ ಸ್ವಲ್ಪ ಅಲ್ಲಾಡಿತು. ನಕ್ಕರೋ ಇಲ್ಲವೋ ಹೇಳುವುದು ಕಷ್ಟ.

"ಏನು ಮಾಡಿದಿ?"

"ಅವನ ಹಣಿಗೆ ವಿಭೂತಿ ಹಚ್ಚಿದೆ. ಕೈ ಮುಗದೆ. ಡಾಕ್ಟರಮ್ಮ ಸೂಜಿ ಹಿಡಕೊಂಡು ಬಂದ್ರು. ತಡೀರಿ ಅಮ್ಮಾರ, ಅವನ ಧ್ಯಾನ ಮುಗೀಲಿ ಅಂದೆ."

"ಅವರೇನಂದ್ರು?"

ಅಡಿವೆಪ್ಪ ತಲೆ ತಗ್ಗಿಸಿದ. ಆಗ ಆದ ನಾಚಿಕೆ ಅವನಿಗೆ ಇನ್ನೂ ಇಳಿದಿರಲಿಲ್ಲ.

"ಇದು ಧ್ಯಾನ ಅಲ್ರಿ ಸ್ವಾಮ್ಯಾರ, ಅಂಜಿಕಿ ಅಂದ್ರು. ಬೆಕ್ಕು ಸ್ವಲ್ಪ ಅಂಜಿದ್ರ ಪರಚತೈತಿ, ಪೂರ್ತಿ ಅಂಜಿದ್ರ ಹಿಂಗ ಕಲ್ಲಾಗತೈತಿ ಅಂದ್ರು. ಬೇಕಾದ್ರ ಅದರ ಎದಿ ಮ್ಯಾಲೆ ಕೈ ಇಟ್ಟು ನೋಡ್ರಿ ಅಂದ್ರು."

"ಇಟ್ಟ್ಯೇನು?"

"ಇಟ್ಟೆರಿ. ಎಷ್ಟು ಜೋರ ಬಡಕೊಳ್ಳಾಕತ್ತಿತ್ತಂದ್ರ, ಎಣಿಸಾಕ ಆಗಲಿಲ್ಲ. ಹೊರಗ ನೋಡಿದ್ರ ಋಷಿ ಕುಂತಂಗ ಕುಂತಾನ. ಒಳಗ ನೋಡಿದ್ರ ಅದು."

ತಾನು ಈಗ ಏನೋ ಹೇಳಿಬಿಟ್ಟೆ ಎಂದು ಅಡಿವೆಪ್ಪನಿಗೆ ಅನಿಸಿತು. ಏನು ಎಂದು ಮಾತ್ರ ಹೊಳೆಯಲಿಲ್ಲ.

"ಮುಗೀತೇನು?"

"ಇಲ್ರಿ. ಖರೇ ತಿಳೀಲಾರದ್ದು ಮುಂದ ಐತಿ. ಸೂಜಿ ಮಾಡೋ ಮುಂದ ಡಾಕ್ಟರಮ್ಮ ಗಟ್ಟಿ ಹಿಡಕೊಳ್ರಿ ಅಂದ್ರು. ನನಗ ಸೂಜಿ ಕಂಡ್ರ ಮೊದಲಿಂದನೂ ಆಗಂಗಿಲ್ಲ. ಸಣ್ಣಾಂವ ಇದ್ದಾಗ ಅಕ್ಕನ ಸೆರಗಿನ್ಯಾಗ ಮಾರಿ ಮುಚ್ಚಿಕೊಂಡ ಮಾಡಿಸಿಕೊಳ್ತಿದ್ದೆ."

ನಾಲ್ಕು ವರ್ಷದಲ್ಲಿ ಆ ಸೆರಗಿನ ಮಾತು ಅವನ ಬಾಯಿಂದ ಬಂದಿರಲಿಲ್ಲ.

"ಹೇಳು," ಎಂದರು ಅಜ್ಜಾರು.

"ನನ್ನ ಕೈ ನಡಗಾಕತ್ತಿದ್ವು. ಡಾಕ್ಟರಮ್ಮನ ಕೈ ಗಟ್ಟಿ ಇದ್ವು. ಅವರ ಕಂಪೌಂಡರನ ಕೈ ಇನ್ನೂ ಗಟ್ಟಿ ಇದ್ವು. ಬೆಕ್ಕು ಅವರಿಬ್ಬರನ್ನೂ ಬಿಟ್ಟು, ಬಂದು ನನ್ನ ಕಂಕುಳಾಗ ತಲಿ ತುರುಕಿತು. ಮುಂಜಾನೆ ತಾನ ಹರದ ಕೈಯಾಗ. ಸೂಜಿ ಮಾಡಿ ಮುಗಿಯೂತನಕ ಅಲ್ಲೇ ಇತ್ತು."

"ಬ್ಯಾರೆ ಎಲ್ಲಿ ಹೋಗಬೇಕಿತ್ತು?"

"ಧೈರ್ಯ ಇದ್ದವರ ಕಡೆ ಹೋಗಬೇಕಲ್ರಿ. ನಡಗೋ ಕೈಯಾಗ ಯಾಕ ಬಂತು?"

ಅಜ್ಜಾರು ಬಗ್ಗಿ ಬುಟ್ಟಿಯ ಹಗ್ಗ ಬಿಚ್ಚಿದರು. ತಹಶೀಲ್ದಾರ ಹೊರಗೆ ಬಂದ, ಮೈ ಕೊಡವಿದ, ತಟ್ಟೆಯಲ್ಲಿದ್ದ ಹಾಲನ್ನು ಅರ್ಧ ಕುಡಿದ. ಅಡಿವೆಪ್ಪ ಪ್ರೀತಿಯಿಂದ ಕೈ ಚಾಚಿದ. ಬೆಕ್ಕು ಗುರುತೇ ಇಲ್ಲದವರನ್ನು ನೋಡುವ ಹಾಗೆ ನೋಡಿ, ಫುಸ್ ಎಂದು, ಗೋಡೆ ಹಾರಿ ಹೋಯಿತು.

"ನೋಡ್ರಿ," ಎಂದ ಅಡಿವೆಪ್ಪ. "ಇದಕ್ಕೇನಂತೀರಿ?"

"ಅದಕ್ಕ ಆರಾಮ ಆಗೇತಿ ಅಂತೀನಿ."

ಶಿಷ್ಯನಿಗೆ ತಲೆ ಕೆಟ್ಟಿತು. ಬೆಳಿಗ್ಗೆಯಿಂದ ಒಂದಾದರೂ ಸಂಗತಿ ನೆಟ್ಟಗೆ ನಿಂತಿರಲಿಲ್ಲ. ಬೆನ್ನು ನೆಟ್ಟಗೆ ಮಾಡಿ, ಕಣ್ಣು ಮುಚ್ಚಿ, ದಿನದ ಧ್ಯಾನಕ್ಕೆ ಕೂತ. ಮೈ ಒಂದಿಷ್ಟೂ ಅಲುಗಲಿಲ್ಲ. ಭಕ್ತರು ಯಾರಾದರೂ ಇದ್ದಿದ್ದರೆ ಕೈಮುಗಿಯುತ್ತಿದ್ದರು.

ಅಜ್ಜಾರು ಎದ್ದು ಬಂದು ಅವನ ಎದೆಯ ಮೇಲೆ ಅಂಗೈ ಇಟ್ಟರು.

ಹಾಗೆಯೇ ನಿಂತರು. ತೆಗೆಯಲಿಲ್ಲ.

ಅಡಿವೆಪ್ಪನ ತುಟಿ ನಡುಗಿತು. ಆಮೇಲೆ ಗದ್ದ. ಆಮೇಲೆ ಮುಚ್ಚಿದ ಕಣ್ಣಿನಿಂದಲೇ ನೀರು ಇಳಿಯಿತು.

"ಅಂಜಿಕಿ ಆಗೇತ್ರಿ, ಅಜ್ಜಾರ," ಎಂದ. "ಅಕ್ಕಗ ಏನರ ಆದ್ರ? ನಿನ್ನೆ ಫೋನು ಬಂದಾಗಿಂದ ಅದೊಂದ."

"ಹೂಂ."

"ಸಾವು ನೋವು ಎಲ್ಲಾ ಮಾಯಾ ಅಂತ ಬಂದವರಿಗೆಲ್ಲಾ ನಾನ ಹೇಳ್ತೀನಿ. ಆಕಿ ಮುಂದ ನಿಂತ್ರ ಅದು ನನ್ನ ಬಾಯಿಗೆ ಬರಂಗಿಲ್ಲ. ಆಕಿ ಮಾರಿ ನೋಡಿದ ಕೂಡ್ಲೆ ನಾನ ಮೊದಲ ಅಳ್ತೀನಿ. ಆಪರೇಷನ್‌ಗೆ ಹೋಗಾಕಿಗೆ ನಾಕು ಧೈರ್ಯದ ಮಾತು ಹೇಳವರು ಬೇಕ್ರಿ. ನನ್ನಂಥ ಅಂಜುಬುರುಕ ಅಲ್ಲಿ ಹೋಗಿ ಏನು ಮಾಡಬೇಕು?"

ಅಜ್ಜಾರು ಕೈ ತೆಗೆದು, ಅವನ ಕಣ್ಣು ಒರೆಸಿದರು.

"ಧೈರ್ಯ ಹೇಳವರು ದವಾಖಾನಿ ತುಂಬ ಇರ್ತಾರೋ, ತಮ್ಮಾ," ಎಂದರು. "ಬಾಜೂಕ ಕುಂತು ಆಕಿ ಜೋಡಿ ಅಂಜಾಕ ಯಾರು ಅದಾರ?"