ಗಂಡು ಸಾಲಿಗೆ ಯಾಕೆ ಮದ್ದು

"ಗುರುಗಳೇ, ನಮ್ಮ ಬಾವಿ ತೋಡುತ್ತಿರುವವರು ನೀರು ಬಂದ ದಿನ ಹೊರಟುಹೋಗುತ್ತಾರೆ. ಅವರಿಗೂ ನಮ್ಮ ಹಾಗೆಯೇ ತುಪ್ಪ ಬಡಿಸಬೇಕೇ?" ಎಂದು ಕೇಳಿದ, ಮಠದ ಅಡುಗೆಮನೆ ನೋಡಿಕೊಳ್ಳುತ್ತಿದ್ದ ಶಿಷ್ಯ ಅಮರಯ್ಯ.

ಗುರುಗಳಿಗೆ ರೇಗಿತು. ನಿನ್ನೆ ಇದೇ ಪ್ರಶ್ನೆ ಮಜ್ಜಿಗೆಯ ವಿಷಯದಲ್ಲಿ ಬಂದಿತ್ತು, ಮೊನ್ನೆ ಉಪ್ಪಿನಕಾಯಿಯ ವಿಷಯದಲ್ಲಿ. ಇವನಿಗೆ ಹೇಳಿ ಹೇಳಿ ಬಾಯಿ ಸೋತಿತ್ತು. "ಕೂತುಕೋ" ಎಂದು ಕತೆ ತೆಗೆದರು.

ಒಬ್ಬ ರೈತನಿದ್ದ. ಮುಂದಿನ ವರ್ಷದ ಬಿತ್ತನೆಗೆ ಮೆಕ್ಕೆಜೋಳದ ಬೀಜ ಬೆಳೆದುಕೊಡು ಎಂದು ಇಡೀ ಊರು ಅವನನ್ನು ನಂಬಿತು. ಬೀಜದ ಹೊಲದಲ್ಲಿ ಕೆಲವು ಸಾಲು ಹೆಣ್ಣು, ನಡುನಡುವೆ ಒಂದೊಂದು ಗಂಡು. ಹೆಣ್ಣು ಸಾಲಿನ ತೆನೆ ಮಾತ್ರ ಬೀಜವಾಗುತ್ತದೆ. ಗಂಡು ಸಾಲು ಪರಾಗ ಉದುರಿಸಿದ ಮೇಲೆ ಅದನ್ನು ಕೊಯ್ದು ದನಕ್ಕೆ ಹಾಕುತ್ತಾರೆ.

ಆ ನೆಲದಲ್ಲಿ ಬೇರು ಕೊಳೆಸುವ ಶಿಲೀಂಧ್ರದ ಕಾಟವಿತ್ತು. ವಿಷ ಬೇಡವೆಂದು ರೈತ ಟ್ರೈಕೋಡರ್ಮಾ ತಂದ. ಅದೂ ಶಿಲೀಂಧ್ರವೇ, ಆದರೆ ಒಳ್ಳೆಯದು. ಬೀಜಕ್ಕೆ ಹಚ್ಚಿದರೆ ಬೇರಿನ ಸುತ್ತ ತಾನು ಬೆಳೆದು ಕೆಟ್ಟದ್ದನ್ನು ಹತ್ತಿರ ಬಿಡುವುದಿಲ್ಲ. ರೋಗ ಬರುವ ಮೊದಲೇ ಹಚ್ಚಬೇಕು, ಬಂದ ಮೇಲೆ ಉಪಯೋಗವಿಲ್ಲ. ಇಷ್ಟೆಲ್ಲ ಆ ಪುಣ್ಯಾತ್ಮನಿಗೆ ಗೊತ್ತಿತ್ತು. ಆದರೂ ಹೆಣ್ಣು ಬೀಜಕ್ಕೆ ಮಾತ್ರ ಹಚ್ಚಿದ.

"ಗಂಡಿಗೂ ಹಚ್ಚರಿ, ಮದ್ದು ಉಳಿದೈತಲ್ಲ" ಎಂದಳು ಹೆಂಡತಿ.

"ಕೊಯ್ದು ದನಕ್ಕೆ ಹಾಕೋದಕ್ಕೆ ಯಾಕೆ ಮದ್ದು? ತಲೆ ಕೆಟ್ಟೈತೇನು ನಿನಗೆ?"

ಆಕೆ ಹಣೆ ಚಚ್ಚಿಕೊಂಡು ಒಳಗೆ ಹೋದಳು. ಅವನ ಜೊತೆ ವಾದ ಮಾಡಿ ಗೆದ್ದವರು ಊರಲ್ಲೇ ಇರಲಿಲ್ಲ.

ಹೆಣ್ಣು ಸಾಲು ಹಚ್ಚಗೆ ಆಳೆತ್ತರ ಎದ್ದಿತು. ರೈತ ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು ಕರೆದು ತೋರಿಸಿದ. ಗಂಡು ಸಾಲಿನ ಬೇರು ಕೊಳೆತಿತ್ತು. ಪರಾಗ ಉದುರಿಸುವ ಮೊದಲೇ ಗಿಡಗಳು ಒಂದೊಂದಾಗಿ ಒಣಗಿದವು. ಆಗ ಓಡಿಹೋಗಿ ಉಳಿದ ಮದ್ದೆಲ್ಲ ಬುಡಕ್ಕೆ ಸುರಿದ, ಏನೂ ಆಗಲಿಲ್ಲ. ಹೆಣ್ಣು ಗಿಡಗಳ ನೆತ್ತಿಯ ಗಂಡು ಹೂವನ್ನು ಅವುಗಳದ್ದೇ ಪರಾಗ ತಾಗಬಾರದೆಂದು ಬೀಜದ ಹೊಲದ ಕ್ರಮದಂತೆ ತಾನೇ ಕಿತ್ತು ಹಾಕಿದ್ದ. ತಳಿ ಕೆಡಬಾರದೆಂದು ಅಕ್ಕಪಕ್ಕ ಯಾರೂ ಬೇರೆ ಮೆಕ್ಕೆಜೋಳ ಬಿತ್ತಿರಲಿಲ್ಲ. ಪರಾಗ ಎಲ್ಲಿಂದ ಬರಬೇಕು? ತೆನೆ ಸುಲಿದು ನೋಡಿದರೆ ಒಳಗೆ ಬರೀ ಬೆಂಡು. ಬೀಜಕ್ಕೆಂದು ಚೀಲ ಹಿಡಿದು ಬಂದ ಊರಿನವರಿಗೆ ಕೊಡಲು ಒಂದು ಹಿಡಿ ಕಾಳಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಅಮರಯ್ಯನ ಮುಖ ಅರಳಿತು.

"ತಿಳಿಯಿತು ಗುರುಗಳೇ. ನೀರು ಬರುವ ತನಕ ಅವರಿಗೂ ತುಪ್ಪ ಬಡಿಸೋಣ."

ಗುರುಗಳು ಕಣ್ಣು ಮುಚ್ಚಿಕೊಂಡರು. ಇವನ ಬದಲು ಈ ಕಂಬಕ್ಕೆ ಹೇಳಿದ್ದರೂ ಆಗುತ್ತಿತ್ತು ಅನ್ನಿಸಿತು. ಆಮೇಲೆ ಮೆಲ್ಲಗೆ ಒಂದು ಮಾತು ಕೇಳಿದರು.

"ಪಾಠ ಮುಗಿದ ದಿನ ನೀನೂ ಹೊರಡುವವನೇ, ಇಷ್ಟು ವರ್ಷ ನಿನ್ನ ಎಲೆಗೆ ತುಪ್ಪ ಯಾಕೆ ಬಡಿಸಿದೆವು?"